ಎಲೆಯಡಿಕೆ ಚೀಲದಲ್ಲಿ ಡಬ್ಬಿ

ಮೇ 6, ಬೆಳಿಗ್ಗೆ

ತಂಗಿ ಮಲ್ಲಿಗಮ್ಮ, ಮಳವಳ್ಳಿಯಲ್ಲಿ ನಿನ್ನ ಮಂಡಿನೋವು ಹೇಗಿದೆ? ನಿನ್ನ ಮಗ ಸ್ವಾಮಿಯ ಕೆಮ್ಮು ನಿಂತಿತೆ? ಇದನ್ನು ನಿನಗೆ ಕಳುಹಿಸುವುದಿಲ್ಲ, ಗೊತ್ತು. ಡೈರಿ ತೆಗೆದರೆ ನಿನ್ನ ಹೆಸರೇ ಬರುತ್ತದೆ.

ಸೊಸೆ ಕುಸುಮ ಈಗ ತಾನೇ ಡ್ರೈನ್ ಖಾಲಿ ಮಾಡಿದಳು. ಎಡಮೊಲೆ ತೆಗೆದ ಜಾಗದಿಂದ ಸಣ್ಣ ಪೈಪು, ತುದಿಗೆ ಮುಷ್ಟಿಗಾತ್ರದ ಪ್ಲಾಸ್ಟಿಕ್ ಡಬ್ಬಿ. ಅಮುಕಿ, ಗಾಳಿ ತೆಗೆದು ಮುಚ್ಚಿದರೆ ಗಾಯದ ನೀರನ್ನು ಎಳೆದುಕೊಳ್ಳುತ್ತದೆ. ಇವತ್ತು ಎಂಬತ್ತು ಎಂ.ಎಲ್. ಇನ್ನೂ ಕೆಂಪು. ಮೂವತ್ತಕ್ಕಿಂತ ಕೆಳಗಿಳಿದರೆ ಪೈಪು ತೆಗೆಯುತ್ತಾರಂತೆ.

ಯಜಮಾನರ ಉಪದೇಶ — "ಯಾರಾರ ಕೇಳುದ್ರೆ ಗಡ್ಡೆ ಆಪರೇಸನ್ ಅನ್ನು. ಎಲ್ಲಿ ಅಂತ ಏಳ್ಬ್ಯಾಡ."

"ಯಾಕೆ, ಕದ್ದು ತಂದಿದ್ನಾ?" ಅಂದೆ.

ಮೇ 9

ಹೊಳಲಿನ ಬೀಗರ ಮನೆಯಿಂದ ಫೋನು. ಭಾನುವಾರ ಮೊಮ್ಮಗಳು ಚಂದನಳ ಸೀಮಂತ. ಅವಳ ಅತ್ತೆ ಮರಿತಾಯಮ್ಮ ಹೇಳಿದಳು — "ನೀವು ಮನೇಲೇ ಇದ್ಬುಡಿ ದೊಡ್ಡವ್ವ. ಪೈಪು ನೇತಾಕ್ಕಂಡು ಬಸುರಿ ಮಡ್ಲು ತುಂಬುದ್ರೆ ಜನ ಏನಂದಾರು?"

ಫೋನು ಕಿತ್ತುಕೊಂಡ ಚಂದನ: "ಅಜ್ಜಿ, ನೀನ್ ಬರ್ದಿದ್ರೆ ನಾನ್ ಬಳೆ ತೊಡಾಕಿಲ್ಲ."

ಹೋಗುತ್ತೇನೆ. ಮೊಲೆ ಹೋಗಿದೆ, ಕೈ ಹೋಗಿಲ್ಲ.

ಮೇ 11

ನರ್ಸ್ ಶಾಲಿನಿಯನ್ನು ಕೇಳಿದೆ. ಹೋಗಿಬನ್ನಿ, ಡಬ್ಬಿ ಗಾಯಕ್ಕಿಂತ ಕೆಳಗಿರಲಿ, ಪೈಪು ಮಡಚಬಾರದು ಅಂದಳು. ಸೊಂಟಕ್ಕೆ ಸಿಕ್ಕಿಸುವ ನನ್ನ ಎಲೆಯಡಿಕೆ ಚೀಲ... ಡಬ್ಬಿಗೇ ಹೊಲಿಸಿದ ಹಾಗಿದೆ!

ಮೇ 12, ಸಂಜೆ

ನೆನೆದರೆ ನಗು ಬರುತ್ತಿದೆ. ಸೀಮಂತದಲ್ಲಿ ನನ್ನ ಪಕ್ಕ ಕೂತಿದ್ದವಳು ನೀನೇ. ಹಳೇ ರೂಢಿ — "ಬೆಟ್ಟಕ್ಕ, ಒಂದೆಲೆ ತತ್ತಾ" ಅನ್ನುತ್ತಲೇ ನೀನು ನನ್ನ ಚೀಲಕ್ಕೆ ಕೈ ಹಾಕಿದೆ. ಎಲೆ ಬದಲು ಕೆಂಪು ನೀರಿನ ಡಬ್ಬಿ ನಿನ್ನ ಕೈಯಲ್ಲಿ. ಸೋಬಾನೆ ನಿಂತೇ ಹೋಯಿತು.

"ನಾ ಮೊದ್ಲೇ ಏಳ್ಲಿಲ್ವಾ?" ಅಂದಳು ಮರಿತಾಯಮ್ಮ.

ಡಬ್ಬಿಯನ್ನು ಮಡಿಲಲ್ಲಿಟ್ಟು ಎಲ್ಲರಿಗೂ ತೋರಿಸಿದೆ. "ನೋಡ್ರವ್ವ, ಮೊಲೆ ಕ್ಯಾನ್ಸರು. ಕುಯ್ದು ತಗ್ದವ್ರೆ. ಇದು ಗಾಯದ ನೀರು, ಮುಟ್ಟುದ್ರೆ ಅಂಟಾಕಿಲ್ಲ. ಬದುಕಿವ್ನಿ ಕಣ್ರವ್ವ! ಗಂಟು ಸಿಕ್ಕುದ್ರೆ ಸೆರಗು ಮುಚ್ಕಂಡು ಕೂರ್ಬ್ಯಾಡಿ."

ಚಂದನ ಸೆರಗೊಡ್ಡಿದಳು. "ತುಂಬಜ್ಜಿ."

ತುಂಬಿದೆ. ಅಕ್ಕಿ, ಬೆಲ್ಲ, ಕೊಬ್ಬರಿ. ತಟ್ಟೆ ಹಿಡಿಯಲು ಮರಿತಾಯಮ್ಮನೇ ಬಂದಳು — ಮುಖ ಊದಿಸಿಕೊಂಡೇ.

ಊಟಕ್ಕೆ ನೀನು ಮಾತ್ರ ಕೂರಲಿಲ್ಲ. ಹಿತ್ತಿಲಿಗೆ ಕರೆದು ನನ್ನ ಕೈಯನ್ನು ನಿನ್ನ ರವಿಕೆಯ ಮೇಲಿಟ್ಟುಕೊಂಡೆ. ಹುಣಸೆಬೀಜದ ಗಾತ್ರ, ಗಟ್ಟಿ. "ಉಗಾದಿಯಿಂದ ಅದೆ ಕಣಕ್ಕ. ಸ್ವಾಮಿಗೆ ಏಳಾಕೆ ನಾಚ್ಕೆ."

ಮೇ 21

ಇಪ್ಪತ್ತು ಎಂ.ಎಲ್. ಒಣಹುಲ್ಲಿನ ಬಣ್ಣ. ನಾಳೆ ಮಂಡ್ಯದಲ್ಲಿ ಪೈಪು ತೆಗೆಯುತ್ತಾರೆ.

ನಿನ್ನ ಸುದ್ದಿಯೇ ಇಲ್ಲ. ಫೋನೂ ಎತ್ತುತ್ತಿಲ್ಲ. ಈ ಹಾಳೆಗಳನ್ನು ಹರಿದು ಕುಸುಮಳ ಕೈಯಲ್ಲಿ ಕಳುಹಿಸುತ್ತಿದ್ದೇನೆ ಮಲ್ಲಿ, ಇದೇ ಮೊದಲು. ಸ್ವಾಮಿ ಓದಿದರೆ ಓದಲಿ. ಆಸ್ಪತ್ರೆಗೆ ಯಾವತ್ತು ಬರುತ್ತೀಯ? ಬೆಂಚಿನ ಮೇಲೆ ನಿನ್ನ ಪಕ್ಕ ನಾನು ಕೂರುತ್ತೇನೆ. ಚೀಲ ತೊಳೆದು ಒಣಗಿಸಿಟ್ಟಿರುತ್ತೇನೆ. ನಿನಗೆ ಡಬ್ಬಿ ಬೇಡವಾದರೆ ಎಲೆ ತುಂಬಿಕೊಳ್ಳೋಣ, ಬೇಕಾದರೆ ಚೀಲ ನಿನ್ನದೇ. ಬೇಗ ಉತ್ತರ ಬರಿ. ಎರಡಕ್ಷರ ಸಾಕು. ಇಲ್ಲದಿದ್ದರೆ ನಾನೇ ಮಳವಳ್ಳಿ ಬಸ್ಸು ಹತ್ತಿ —