ಕೋಟೆ ಬಾಗಿಲು ತೆರೆದವನು

ಅಣ್ಣಾ,

ಕಾಲು ಮುರಿದು ಮನೆಯಲ್ಲಿದ್ದೇನೆ, ಹೊಲಿಗೆ ಅಂಗಡಿಗೆ ಹೋಗುತ್ತಿಲ್ಲ. ನಾವಿಬ್ಬರೂ ಆಡುತ್ತಿದ್ದ ಕೋಟೆಯ ಆಟವನ್ನು ಈಗ ಒಬ್ಬಳೇ ಆಡುತ್ತೇನೆ. ದಾಳ ಉರುಳಿಸಿ, ಬಿದ್ದ ಸಂಖ್ಯೆಯಂತೆ ಕಥೆ ಮುಂದುವರಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಶತ್ರುಗಳಿಗೆ ಬಾಗಿಲು ತೆರೆದ ದ್ರೋಹಿ ಯಾರೆಂಬ ಗುಟ್ಟೊಂದು ಉಳಿದಿತ್ತು. ನಿನ್ನೆ ಒಂದೊಂದು ಪಾತ್ರಕ್ಕೆ ಒಂದೊಂದು ಸಂಖ್ಯೆ ಕೊಟ್ಟು ಮೂರು ಸಲ ದಾಳ ಉರುಳಿಸಿದೆ. ಮೂರು ಸಲವೂ ನಿನ್ನ ಪಾತ್ರ, ಆ ಕಾವಲುಗಾರನೇ ಬಂದ. ಪುಟ ಹರಿದೆ, ಮತ್ತೆ ಅಂಟಿಸಿದೆ.

"ಆಟ ತಾನೇ, ಯಾಕೆ ಇಷ್ಟು ಒದ್ದಾಡ್ತೀಯಾ?" ಅಂದಳು ಅಮ್ಮ.

ಅಪ್ಪನ ಕೊನೆಗಾಲದಲ್ಲಿ ನೀನು ಬರಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ, ಬೈದು ಫೋನ್ ಇಟ್ಟೆ. ದ್ರೋಹಿ ಯಾರೆಂದು ದಾಳ ಹೇಳಿತು, ಯಾಕೆಂದು ಹೇಳಲಿಲ್ಲ. ಭಾನುವಾರ ಬಂದು ನೀನೇ ಹೇಳು. ನೀನು ಬರುತ್ತೀ ಎಂದು ಅಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ನಿನ್ನ ಜಗಳಗಂಟಿ ತಂಗಿ