ದೊಡ್ಡಮ್ಮ ಯಾವ ಮಾರುಕಟ್ಟೆಗೆ ಸೇರಿದವರು?

ಎರಡೂ ವಿಭಾಗಗಳ ಮೇಲೆ ಕುಳಿತಿರುವ ಮಾನ್ಯರೇ,

ನಿಮ್ಮ ಫೋನ್ ಕಂಪನಿಯ ಹೊರದೇಶದ ವಿಭಾಗ ಕೊಟ್ಟ ಕಿವಿಯನ್ನು ನಮ್ಮ ದೇಶದ ವಿಭಾಗ ಕಿತ್ತುಕೊಂಡಿದೆ. ಅದನ್ನು ಹಿಂದಿರುಗಿಸಿ. ಎದುರು ನಿಂತರೆ ನನಗೆ ನಾಲಿಗೆ ಏಳುವುದಿಲ್ಲ. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ನನ್ನ ದೊಡ್ಡಮ್ಮ ಬಟ್ಟೆ ಹೊಲಿಯುತ್ತಾರೆ. ಕಿವಿ ಮಂದ, ಶ್ರವಣಯಂತ್ರ ಹಾಕುತ್ತಾರೆ. ಫೋನಿನಲ್ಲಿ ಅವರಿಗೆ ಬರೀ ಗೊರಗೊರ. ಹೊರದೇಶದಲ್ಲಿ ನರ್ಸ್ ಆಗಿರುವ ಅಮ್ಮ ಅಲ್ಲಿಂದ ನಿಮ್ಮ ಫೋನೊಂದನ್ನು ತಂದುಕೊಟ್ಟರು. ಕರೆಯ ಸದ್ದು ನೇರವಾಗಿ ಶ್ರವಣಯಂತ್ರಕ್ಕೇ ಹೋಗುವ ಸೌಲಭ್ಯ ಅದರಲ್ಲಿತ್ತು. ಸಂಜೆಯಾದರೆ ಅಕ್ಕತಂಗಿಯರ ಹರಟೆ ಶುರು. ಹೊಲಿಗೆ ಯಂತ್ರದ ಮುಂದೆ ದೊಡ್ಡಮ್ಮ ಒಬ್ಬರೇ ಕೂತು ನಗುವುದನ್ನು ಬಾಗಿಲ ಸಂದಿಯಿಂದ ನೋಡುವುದೇ ನನಗೊಂದು ಸುಖವಾಗಿತ್ತು.

ಒಂದು ದಿನ ಕತ್ತರಿ ಜಾರಿ ಫೋನಿನ ಮೇಲೆ ಬಿತ್ತು. ನಿಮ್ಮ ಸೇವಾ ಕೇಂದ್ರದವರು ಹೊಸ ಗಾಜು ಕೂರಿಸಿದರು. ಕೇಳದೆಯೇ ಇನ್ನೊಂದು ಉಪಕಾರವನ್ನೂ ಮಾಡಿದರು: ಅಲ್ಲಿನ ಸಾಫ್ಟ್‌ವೇರ್ ಅಳಿಸಿ, ಇಲ್ಲಿನ ವಿಭಾಗದ್ದನ್ನು ತುಂಬಿದರು. ಗಾಜು ಹೊಳೆಯಿತು, ಸೌಲಭ್ಯ ಹೋಯಿತು. ವಿಚಾರಿಸಿದರೆ, "ಫೋನ್ ಅವರದ್ದು, ಸಾಫ್ಟ್‌ವೇರ್ ನಮ್ಮದು. ಈ ಮಾರ್ಕೆಟ್‌ಗೆ ಅದೆಲ್ಲ ಕೊಡಲ್ಲ ಮೇಡಂ, ಡಿಮ್ಯಾಂಡ್ ಇಲ್ಲ" ಅಂದರು. ಅಲ್ಲಿನ ವಿಭಾಗಕ್ಕೆ ಬರೆದರೆ, ಇಲ್ಲಿಯವರು ಮುಟ್ಟಿದ್ದನ್ನು ತಾವು ಮುಟ್ಟುವುದಿಲ್ಲವಂತೆ. ವಿಭಾಗಗಳು ಸ್ವತಂತ್ರವಂತೆ. ಡಬ್ಬಿಯ ಮೇಲೆ ಹೆಸರು ಅಚ್ಚುಹಾಕುವಾಗ ಒಂದೇ ಮನೆ, ದೂರು ಬಂದಾಗ ಬೇರೆ ಬೇರೆ ಒಲೆಯೇ?

ಬಿಸಿಲ ನಾಡಿಗೊಂದು ಬ್ಯಾಟರಿ, ಚಳಿಯ ನಾಡಿಗೊಂದು ಬ್ಯಾಟರಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಕಿವಿ ಮಂದವಾಗುವುದು ಮಾರುಕಟ್ಟೆ ನೋಡಿಕೊಂಡೇ? ಡಿಮ್ಯಾಂಡ್ ಇಲ್ಲವೆಂದು ನಿಮಗೆ ಹೇಳಿದವರು ಯಾರನ್ನು, ಹೇಗೆ ಕೇಳಿದರು? ಫೋನ್ ಮಾಡಿ ಕೇಳಿರಬೇಕು.

ಈಗ ಅಮ್ಮನ ಮಾತನ್ನು ನಾನು ಕೇಳಿಸಿಕೊಂಡು, ದೊಡ್ಡಮ್ಮನ ಎದುರು ಕೂತು ಒಪ್ಪಿಸುತ್ತೇನೆ. ಮೊನ್ನೆ ಅವರು ಫೋನನ್ನು ನನ್ನ ಕೈಗಿಟ್ಟು, "ನಿನ್ನ ಮೇಲೆ ಚಾಡಿ ಹೇಳೋಕೂ ನಿನ್ನನ್ನೇ ಕರೀಬೇಕಲ್ಲೇ" ಅಂದರು. ನಕ್ಕೆವು. ಆದರೆ ಅಕ್ಕತಂಗಿಯರ ಮಾತು ಈಗ ಊಟ ಆಯ್ತಾ, ಆಯ್ತು ಎನ್ನುವಲ್ಲಿಗೆ ಬಂದು ನಿಂತಿದೆ. ಮಗಳ ಬಾಯಿಂದ ದಾಟಿಸಲಾಗದ್ದು ಇಬ್ಬರಲ್ಲೂ ಎಷ್ಟಿದೆಯೋ.

ಹೊಸ ಫೋನ್ ಬೇಡ, ಪರಿಹಾರವೂ ಬೇಡ. ಅಳಿಸಿದ್ದನ್ನು ಮತ್ತೆ ಹಾಕಿಕೊಡಿ. ಇಲ್ಲಿ ಮಾರುವ ಫೋನುಗಳಲ್ಲೂ ಅದು ಇರಲಿ. ಅಲ್ಲಿಯವರೆಗೆ ಪ್ರತಿ ಸೋಮವಾರ ನಾವಿಬ್ಬರೂ ನಿಮ್ಮ ಸೇವಾ ಕೇಂದ್ರದಲ್ಲಿ ಕೂರುತ್ತೇವೆ. ದೊಡ್ಡಮ್ಮ ಶ್ರವಣಯಂತ್ರ ತೆಗೆದು ಚೀಲಕ್ಕೆ ಹಾಕಿ, ಗುಂಡಿ ಹೊಲಿಯುತ್ತಿರುತ್ತಾರೆ. ನಿಮ್ಮವರು ಎಷ್ಟು ಸಲ "ಆಗಲ್ಲ" ಎಂದರೂ ಅವರಿಗೆ ಕೇಳಿಸುವುದಿಲ್ಲ.

ನಾನಂತೂ ದಾಟಿಸುವುದಿಲ್ಲ.

ಇಂತಿ,
ತನ್ನ ಮೇಲಿನ ಚಾಡಿ ಮತ್ತೆ ಶುರುವಾಗಲೆಂದು ಕಾದಿರುವ ಮಗಳು