ಆರನ್ನು ತಡೆದ ಗೋಡೆ

ಭೂಕಂಪ ಮಾಪನ ಕೇಂದ್ರ,
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅಪ್ಪಾ,

ನಿನ್ನ ಮೊಣಕಾಲು ನೋವು ಹೇಗಿದೆ? ಈ ವಯಸ್ಸಿನಲ್ಲಿ ಏಣಿ ಹತ್ತಬೇಡ, ಕೆಳಗೆ ನಿಂತು ಗಾರೆ ಕೆಲಸ ಮಾಡಿಸು ಎಂದರೆ ಕೇಳುವವನಲ್ಲ ನೀನು. ಫೋನಿನಲ್ಲಂತೂ ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರವನ್ನು ನೀನು ಕೆಲಸಕ್ಕೆ ಹೋಗಿರುವ ಊರಿನ ಕಡೆ ಹೊರಟ ಸಿಮೆಂಟ್ ಲಾರಿಯವನ ಕೈಲಿ ಕಳಿಸುತ್ತಿದ್ದೇನೆ, ಸಂಜೆಗೆ ಸಿಗುತ್ತದೆ. ಇದನ್ನಾದರೂ ಕೊನೆಯವರೆಗೆ ಓದು.

ಭಾನುವಾರದ ಭೂಕಂಪ ಐದು ಪಾಯಿಂಟ್ ನಾಲ್ಕು ಎಂದು ರೇಡಿಯೋದಲ್ಲಿ ಹೇಳಿದರಲ್ಲ, ಕಂಪನದ ಗೆರೆ ಅಳೆದು ಆ ಅಂಕಿ ಬರೆದುಕೊಟ್ಟವಳು ನಿನ್ನ ಮಗಳೇ. ಅದನ್ನೇ ಹಿಡಿದುಕೊಂಡು ನೀನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ: "ನಾನು ಕಟ್ಟಿದ್ದು, ಆವತ್ತು ಆರನ್ನೇ ತಡೆದ ಗೋಡೆ ಅದು. ಐದು ಚಿಲ್ಲರೆ ಯಾವ ಲೆಕ್ಕ? ಮನೆ ಬಿಟ್ಟು ಎಲ್ಲಿಗೂ ಹೋಗ್ಬೇಡ." ಬೀದಿಯವರೆಲ್ಲ ಶಾಲೆಯ ಮೈದಾನದಲ್ಲಿದ್ದಾರೆ. ಅಮ್ಮ ಮಾತ್ರ ಬಿರುಕು ಬಿಟ್ಟ ಅಡುಗೆಮನೆಯಲ್ಲಿ ಕೂತಿದ್ದಾಳೆ. ನನ್ನ ಬೆರಳಿನಿಂದ ನನ್ನ ಕಣ್ಣನ್ನೇ ಚುಚ್ಚಿಸಿದೆ ನೀನು.

ಅಪ್ಪಾ, ಆ ಅಂಕಿ ನೆಲದೊಳಗೆ ಎಷ್ಟು ಶಕ್ತಿ ಹೊರಬಿತ್ತು ಎಂದು ಹೇಳುತ್ತದೆ, ನಿನ್ನ ಗೋಡೆಗೆ ಎಷ್ಟು ಪೆಟ್ಟು ಬಿತ್ತು ಎಂದಲ್ಲ. ಅಂಕಿ ಒಂದು ಏರಿದರೆ ಶಕ್ತಿ ಸುಮಾರು ಮೂವತ್ತೆರಡು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಹಿಂದೆ ಆದ ಆರರ ಭೂಕಂಪ ಇದರ ಎಂಟು ಪಟ್ಟು ದೊಡ್ಡದು, ಒಪ್ಪಿದೆ. ಆದರೆ ಅದು ಆದದ್ದು ಇನ್ನೂರು ಕಿಲೋಮೀಟರ್ ಆಚೆ. ಇದು ನಮ್ಮ ಊರಿನ ಕೆಳಗೇ, ಬರೀ ಎಂಟು ಕಿಲೋಮೀಟರ್ ಆಳದಲ್ಲಿ. ಆಚೆ ಬೀದಿಯಲ್ಲಿ ಯಾರೋ ದೊಡ್ಡ ಸುತ್ತಿಗೆ ಬಡಿದರೆ ನಮ್ಮ ಮನೆಯ ಗಾರೆ ಉದುರುತ್ತದೆಯೇ? ಒಂದೊಂದು ಜಾಗದ ಅಲುಗಾಟಕ್ಕೆ, ಹಾನಿಗೆ ಬೇರೆಯೇ ಅಳತೆ ಇದೆ, ಹನ್ನೆರಡರವರೆಗೆ. ಅಂದು ನಮ್ಮ ಬೀದಿಗೆ ನಾಲ್ಕು ಬರೆದಿದ್ದರು, ಈ ಸಲ ಏಳು. ಇದನ್ನು ದಿನಾ ಅಪರಿಚಿತರಿಗೆ ಹೇಳುತ್ತೇನೆ, ಅವರಿಗೆ ಅರ್ಥವಾಗುತ್ತದೆ. ಹೆತ್ತ ಅಪ್ಪನಿಗೆ ಹೇಳಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯಲ್ಲಿರುವ ಬಡಗಿ ಮಾಮನಿಗೆ ನನ್ನ ನಮಸ್ಕಾರ ತಿಳಿಸು.

ಕೋಪದಲ್ಲಿರುವ ನಿನ್ನ
ದೊಡ್ಡ ಮಗಳು

ತಾ.ಕ.: ನೀನು ಕಲಿಸಿದ ಹಾಗೆ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಅದು ಒಡೆಯಬೇಕಲ್ಲ, ಇವತ್ತು ಬೆಳಿಗ್ಗೆ ಒಡೆದಿದೆ. ನನಗಿಂತ ಮೊದಲೇ ನೋಡಿದ ಅಮ್ಮ ಚೂರುಗಳನ್ನು ಗುಡಿಸಿ ಹಾಕಿದ್ದಳು. ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ, "ಅವರು ಕಟ್ಟಿದ ಗೋಡೆ ಸೋತಿದೆ ಅಂತ ಅವರಿಗೆ ಯಾವ ಬಾಯಲ್ಲಿ ಹೇಳ್ಲಿ?" ಎಂದಳು. ಓದಿದ ಕೂಡಲೇ ಅಮ್ಮನಿಗೆ ಫೋನ್ ಮಾಡು. ಅಳತೆಯ ಮಾತು ಬೇಡ. "ಗೋಡೆ ಸೋತಿದ್ದು ನನಗೆ ಗೊತ್ತು, ನೀನು ಹೊರಗೆ ಬಾ" ಅಂತ ಅಷ್ಟೇ ಹೇಳು.